ಬೀಸುವ ಕಲ್ಲಿಗೆ ಕಟ್ಟಿದ ಹಗ್ಗ

ನಮ್ಮ ಯಜಮಾನರ ಬಲಗೈಯನ್ನು ಯಾರು ಬೇಕಾದರೂ ಬಂದು ನೋಡಬಹುದು. ಮಣಿಕಟ್ಟಿನ ಸುತ್ತ ಹಗ್ಗದ ಹುರಿ ಒತ್ತಿದ ಗುರುತು ಇವತ್ತಿಗೂ ಹಾಗೇ ಇದೆ. ನಾನು ಬರೆಯುತ್ತಿರುವುದು ಕಟ್ಟಿದ ಕಥೆಯಲ್ಲ ಎನ್ನಲು ನನ್ನ ಹತ್ತಿರ ಇರುವ ಸಾಕ್ಷಿ ಅದೊಂದೇ. ಬರೆಯಬೇಡ, ಜನ ನಗುತ್ತಾರೆ ಎಂದು ಅವರು ಹೇಳುತ್ತಲೇ ಇದ್ದಾರೆ. ನಗುವವರು ನಗಲಿ. ಆ ಸದ್ದನ್ನು ಅವರು ಕೇಳಿಲ್ಲ... ನಾನು ಕೇಳಿದ್ದೇನೆ.

ಇವರು ಬೊಂಬಾಯಿಯ ಸರಕು ಹಡಗುಗಳಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಹೊಳಲ್ಕೆರೆಯ ಮನೆಗೆ ಬಂದ ಮೇಲೆ, ಮಂಚ ಅಲುಗುವುದಿಲ್ಲವೆಂದು ರಾತ್ರಿಯೆಲ್ಲ ಹೊರಳಾಡುತ್ತಿದ್ದರು. ನಮಗೆ ಮಕ್ಕಳಿಲ್ಲ, ಇಂಥಲ್ಲೇ ಇರಬೇಕೆಂಬ ಹಟವೂ ನನಗಿರಲಿಲ್ಲ. ಹಿರಿಯೂರಿನ ಹತ್ತಿರ ಮಾರಿಕಣಿವೆಯ ಹಿನ್ನೀರಿನಲ್ಲಿ ಯಾರೋ ಕಂಟ್ರಾಕ್ಟರು ಕಲ್ಲು ಸಾಗಿಸಿ ಬಿಟ್ಟುಹೋಗಿದ್ದ ಅಗಲ ತಳದ ಮರದ ದೋಣಿಯೊಂದು ಬಿದ್ದಿತ್ತು. ಅದನ್ನು ಕೊಂಡು, ಬಿರುಕಿಗೆಲ್ಲ ಡಾಂಬರು ತುಂಬಿಸಿ, ಮೇಲೊಂದು ತಗಡಿನ ಕೋಣೆ ಕಟ್ಟಿಸಿ, ಡೇರೆ ಹೊಲಿಯುವವನಿಂದ ಹಾಯಿ ಹೊಲಿಸಿದರು. ಹೀಗೆ ಎಪ್ಪತ್ತರ ದಶಕದಲ್ಲಿ, ಸಮುದ್ರವೇ ಇಲ್ಲದ ನಮ್ಮ ಸೀಮೆಯಲ್ಲಿ, ನಾವಿಬ್ಬರೂ ಹಾಯಿದೋಣಿಯ ಮೇಲೆ ಸಂಸಾರ ಹೂಡಿದೆವು.

ಮೊದಮೊದಲು ಚೆನ್ನಾಗಿಯೇ ಇತ್ತು. ಪಂಪ್ ಸ್ಟೋವು ಜಾರದಂತೆ ಮರಳು ತುಂಬಿದ ತಗಡಿನ ಡಬ್ಬದಲ್ಲಿ ಕೂರಿಸುತ್ತಿದ್ದೆ. ಪಾತ್ರೆಗಳೆಲ್ಲ ಕೊಕ್ಕೆಗೆ ನೇತಾಡುತ್ತಿದ್ದವು. ಬೆಳಿಗ್ಗೆ ಒಂದು ಹಲಗೆ ತೊಳೆದು ರಂಗೋಲಿ ಎಳೆದರೆ ಅದೇ ನನ್ನ ಅಂಗಳ. ತಗಡಿನ ಮೇಲೆ ಹಾಕಿದ ಸಂಡಿಗೆ ಒಂದೇ ದಿನಕ್ಕೆ ಗರಿಗರಿ ಒಣಗುತ್ತಿತ್ತು. ಹಕ್ಕಿಗಳ ಕಾಟವೂ ಇಲ್ಲ, ಅಲ್ಲಿಯ ಹಕ್ಕಿಗಳಿಗೆ ಮೀನೇ ಬೇಕು. ಗಾಳಿ ಇದ್ದ ದಿನ ಹಾಯಿ ಬಿಚ್ಚಿ ಹೊಸದುರ್ಗದ ಕಡೆಯ ಹಿನ್ನೀರಿನವರೆಗೂ ಹೋಗಿ ಬರುತ್ತಿದ್ದೆವು.

ದಡದ ಮೇಲೆ ಕೆಂಚಮ್ಮ ಎಂಬಾಕೆಯ ಕುರಿಹಟ್ಟಿ ಇತ್ತು. ದಿನಾ ಬೆಳಿಗ್ಗೆ ನಮಗೆ ಹಾಲು ತರುವವಳು ಆಕೆಯೇ. ಚೊಂಬು ಕೈಗೆ ಕೊಡುವ ಮೊದಲು ನನ್ನನ್ನು ಕೆಣಕದೆ ಬಿಡುತ್ತಿರಲಿಲ್ಲ.

"ಯಕ್ಕ, ಈ ಸೀಮೆ ಜನ ನೀರಿಗಂಜಿ ಮನೆ ಬಿಟ್ಟು ಓಡಿದ್ರು. ನೀವು ಮನೆ ಬಿಟ್ಟು ನೀರಿಗೇ ಬಂದೀರಲ್ಲ. ಗಂಡನ ಜತಿಗೆ ಜಗಳ ಆದ್ರೆ ತವರಿಗೆ ಹೆಂಗ್ ಹೋಗ್ತೀಯ, ಈಜ್ಕಂಡಾ?"

ನಾನ್ಯಾಕೆ ಹೋಗಲಿ, ಅವರನ್ನೇ ಇಳಿಸುತ್ತೇನೆ ಎಂದು ನಾನೂ ನಗುತ್ತಿದ್ದೆ.

ಆಕೆ ಹೇಳಿದ್ದು ನಿಜ. ಕಣಿವೆಗೆ ಕಟ್ಟೆ ಕಟ್ಟಿದ ಕಾಲದಲ್ಲಿ ಮುಳುಗಿದ ಹಳ್ಳಿಯೊಂದು ನಮ್ಮ ದೋಣಿಯ ಆಸುಪಾಸಿನಲ್ಲೇ ಇತ್ತು. ಬೇಸಿಗೆಯಲ್ಲಿ ನೀರು ಇಳಿದಾಗ ಗೋಡೆಗಳ ಬುಡ, ಹೊಸಲು ಕಲ್ಲು, ಹಿತ್ತಲ ಚಪ್ಪಡಿ ಒಂದೊಂದಾಗಿ ಕೆಸರಿನಿಂದ ಮೇಲೇಳುತ್ತಿದ್ದವು.

ಆ ಬೇಸಿಗೆಯಲ್ಲಿ ನಮ್ಮ ಕಬ್ಬಿಣದ ಲಂಗರು ನೀರಿನಡಿಯ ಹುಣಸೆ ಬೊಡ್ಡೆಗೆ ಸಿಕ್ಕಿ, ಹಗ್ಗ ಕಿತ್ತುಕೊಂಡು ಹೋಯಿತು. ಲಂಗರಿಲ್ಲದಿದ್ದರೆ ದೋಣಿ ನಿಂತಲ್ಲಿ ನಿಲ್ಲುವುದಿಲ್ಲ. ಯಜಮಾನರು ಭಾರದ ಕಲ್ಲು ಹುಡುಕಿಕೊಂಡು ಹಾಳು ಹಳ್ಳಿಯ ಕೆಸರಿಗೆ ಇಳಿದರು. ನಾನೂ ಹಿಂದೆ ಹೋದೆ. ಹೂಳು ತುಂಬಿದ ಹಳೆಯ ಬಾವಿಯ ಬಾಯಲ್ಲಿ ಅವರಿಗೆ ಸಿಕ್ಕಿದ್ದು ರಾಗಿ ಬೀಸುವ ಕಲ್ಲಿನ ಮೇಲಿನ ಭಾಗ. ದುಂಡನೆಯ ಕಲ್ಲು, ನಟ್ಟನಡುವೆ ಕಾಳು ಸುರಿಯುವ ತೂತು. ಆ ತೂತಿನಲ್ಲಿ ಕಪ್ಪಗೆ ಕೊಳೆತ ನಾರಿನ ಹಗ್ಗದ ತುಂಡೊಂದು, ಬಿಗಿದ ಗಂಟಿನ ಸಮೇತ, ಅಂಟಿಕೊಂಡಿತ್ತು.

ನಾನು ಬೇಡವೆಂದೆ. ಬೀಸುವ ಕಲ್ಲಿಗೆ ಕಾಲು ತಾಗಿದರೂ ಮುಟ್ಟಿ ಕಣ್ಣಿಗೊತ್ತಿಕೊಳ್ಳುವವರು ನಾವು. ಮದುವೆಯ ಮನೆಯಲ್ಲಿ ಅದಕ್ಕೆ ಅರಿಶಿನದ ಕೊಂಬು ಕಟ್ಟಿ ಪೂಜೆ ಮಾಡುತ್ತೇವೆ. ಅಂಥದ್ದಕ್ಕೆ ಹಗ್ಗ ಬಿಗಿದು ನೀರಿಗೆ ಇಳಿಬಿಡುವುದೇ? ಅವರು ನಕ್ಕುಬಿಟ್ಟರು. ಹಡಗಿನವರ ಕಣ್ಣಿಗೆ ತೂತಿರುವುದೆಲ್ಲ ಹಗ್ಗಕ್ಕೆಂದೇ ಹುಟ್ಟಿದ್ದು. ಹಳೆಯ ಗಂಟನ್ನು ಚಾಕುವಿನಿಂದ ಕೊಯ್ದು ಬಿಸಾಡಿ, ತಮ್ಮ ಹೊಸ ಹಗ್ಗ ತೂರಿಸಿ, ಎಂಥ ಗಾಳಿಗೂ ಬಿಚ್ಚದ ಗಂಟು ಹಾಕಿದರು. ತಾವು ಹಾಕುವ ಗಂಟಿನ ಮೇಲೆ ಅವರಿಗೆ ಎಲ್ಲಿಲ್ಲದ ಹೆಮ್ಮೆ.

ಅವತ್ತು ಸಂಜೆ ದಡದಿಂದ ದೂರ, ಆಳದ ನೀರಿಗೆ ಹೋಗಿ ಕಲ್ಲನ್ನು ಇಳಿಬಿಟ್ಟರು. ಗುಳುಂ ಎಂದು ಮುಳುಗಿತು. ಹಗ್ಗ ಬಿಗಿಯಾಯಿತು. ದೋಣಿ ನಿಂತಿತು.

ದೀಪ ಹಚ್ಚುವ ಹೊತ್ತಿಗೆ ಗಾಳಿ ಪೂರಾ ಬಿದ್ದುಹೋಗಿತ್ತು. ಹಾಯಿ ಸುತ್ತಿಟ್ಟು ಇವರು ಬಾಗಿಲ ಬಳಿ ಕುಳಿತು ಟ್ರಾನ್ಸಿಸ್ಟರ್ ತಿರುಗಿಸುತ್ತಿದ್ದರು. ನಾನು ಹುರುಳಿ ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. ಕಿಟಕಿಯಲ್ಲಿ ಕೆಂಚಮ್ಮನ ಹಟ್ಟಿಯ ಬೆಂಕಿ ಸಣ್ಣಗೆ ಕಾಣುತ್ತಿತ್ತು.

ಸ್ವಲ್ಪ ಹೊತ್ತಿಗೆ ನೋಡಿದರೆ ಆ ಬೆಂಕಿ ಬಾಗಿಲಲ್ಲಿ ಕಂಡಿತು.

ಆಮೇಲೆ ಎದುರು ಕಿಟಕಿಯಲ್ಲಿ...

ಮತ್ತೆ ಮೊದಲಿನ ಕಿಟಕಿಯಲ್ಲಿ...

ಬೆಂಕಿ ಓಡಾಡುವುದುಂಟೇ? ತಿರುಗುತ್ತಿದ್ದುದು ದೋಣಿ. ಎಲೆಯೂ ಅಲುಗದ ಹೊತ್ತಿನಲ್ಲಿ, ಕನ್ನಡಿಯಂಥ ನೀರಿನ ಮೇಲೆ, ನಿಂತ ಜಾಗದಲ್ಲೇ ನಿಧಾನವಾಗಿ ಸುತ್ತು ಹಾಕುತ್ತಿತ್ತು. ಇವರನ್ನು ಕರೆದೆ. ನೀರಿನಡಿಯ ಸೆಳೆತ ಇರಬೇಕು ಎಂದರು, ಆದರೆ ಟ್ರಾನ್ಸಿಸ್ಟರ್ ಆರಿಸಿದರು.

ಅದು ಆರಿದ ಮೇಲೆ ಕೇಳಿಸಿತು... ಗರ್... ಗರ್... ಗರ್...

ಹಲಗೆಯ ಕೆಳಗಿನಿಂದ. ನಮ್ಮ ಅಂಗಾಲಿನ ಕೆಳಗಿನಿಂದ. ಆ ಸದ್ದು ನನಗೆ ಗೊತ್ತು. ಊರಿಗೆ ಹಿಟ್ಟಿನ ಗಿರಣಿ ಬರುವವರೆಗೂ ಹೊರಕೆರೆದೇವಪುರದ ನನ್ನ ತವರಿನಲ್ಲಿ ಅದೇ ಸದ್ದಿಗೆ ಬೆಳಗಾಗುತ್ತಿತ್ತು. ಸದ್ದಿನ ಹಿಂದೆಯೇ ವಾಸನೆ ಬಂತು. ಆಗತಾನೆ ಬೀಸಿದ ರಾಗಿ ಹಿಟ್ಟಿನ ಬೆಚ್ಚನೆಯ ವಾಸನೆ. ಒಂದು ಗಳಿಗೆ ಮನಸ್ಸಿಗೆ ಹಿತವೇ ಆಯಿತು. ಅದರ ಬೆನ್ನಿಗೆ ಕೊಳೆತ ನಾರು, ಒದ್ದೆ ಕೂದಲು, ಬಾವಿಯ ಹೂಳು...

ಕೆಳಗೆ ಯಾರೋ ಬೀಸುತ್ತಿದ್ದರು. ನಮ್ಮ ದೋಣಿಯೇ ಮೇಲಿನ ಕಲ್ಲಾಗಿತ್ತು.

"ಲಾಟೀನು ಹಿಡಿ. ಕಲ್ಲು ಮೇಲೆತ್ತಿಬಿಡ್ತೀನಿ," ಎಂದು ಇವರು ದೋಣಿಯ ಮೂತಿಗೆ ಹೋದರು. ನಾನು ಬೆಳಕು ಹಿಡಿದೆ. ಬಗ್ಗಿ ಹಗ್ಗಕ್ಕೆ ಕೈ ಹಾಕಿದ್ದಷ್ಟೇ. ಹಗ್ಗ ಹಾವಿನ ಹಾಗೆ ಒಂದು ಸುತ್ತು ಬಂದು ಅವರ ಮಣಿಕಟ್ಟನ್ನು ಬಿಗಿಯಿತು. ದೋಣಿ ಇನ್ನೊಂದು ಸುತ್ತು ತಿರುಗಿತು. ಹಗ್ಗ ಇನ್ನೊಂದು ಸುತ್ತು ಬಿಗಿಯಿತು. ಅವರ ಮೊಣಕೈ, ಆಮೇಲೆ ಭುಜ, ದೋಣಿಯ ಅಂಚು ದಾಟಿ ನೀರಿನ ಕಡೆಗೆ ಜಗ್ಗಿತು.

"ಈಳಿಗೆ ತಾ..." ಎಂದರು.

ಒಳಗೆ ಓಡಿ ತಂದೆ. ಹಿಂದಿನ ದಿನ ತಾನೇ ಕುಂಬಳಕಾಯಿ ಹೆಚ್ಚಿದ ಈಳಿಗೆ. ಹಗ್ಗದ ಮೇಲಿಟ್ಟು ಕೊಯ್ದರೆ ಒಂದು ಎಳೆಯೂ ಹರಿಯಲಿಲ್ಲ, ಕಲ್ಲಿನ ಮೇಲೆ ಮಸೆದಂತೆ ಬರೀ ಕರಕರ ಎಂದಿತು. ಅವರ ಮುಖ ನೀರಿಗೆ ಮುಟ್ಟುವಷ್ಟು ಬಗ್ಗಿತ್ತು. ನಾನು ಈಳಿಗೆ ಬಿಸಾಡಿ ಅವರ ಸೊಂಟ ಹಿಡಿದು ಹಿಂದಕ್ಕೆ ಎಳೆದೆ.

ಆಗ ಬೀಸುವ ಸದ್ದು ನಿಂತಿತು.

ನೀರಿನ ಮೇಲಿನಿಂದ ಒಂದು ಹೆಣ್ಣು ದನಿ ಬಂತು. ಕಿರುಚಲಿಲ್ಲ, ಅಳಲಿಲ್ಲ. ಪಕ್ಕದ ಮನೆಯವಳು ಗೋಡೆಯಾಚೆಯಿಂದ ಕೇಳುವ ಹಾಗೆ ಕೇಳಿತು.

"ಗಂಟು ಹಾಕಿದ್ದು ಯಾರು?"

ನಮ್ಮ ಯಜಮಾನರು ಸುಳ್ಳು ಬಾರದ ಮನುಷ್ಯ. ಅದರಲ್ಲೂ ಗಂಟಿನ ವಿಚಾರ. ಪ್ರಾಣ ಹೋಗುವ ಹೊತ್ತಿನಲ್ಲೂ ಅವರ ಬಾಯಿ ತೆರೆಯಿತು. ಏನು ಹೇಳುತ್ತಾರೆಂದು ನನಗೆ ಗೊತ್ತಾಯಿತು. ನನ್ನ ಅಂಗೈಯನ್ನು ಅವರ ಬಾಯಿಗೆ ಅದುಮಿದೆ.

"ನಾನು ಕಣವ್ವ," ಎಂದೆ. "ನಾನು ಹಾಕಿದ್ದು."

ಹಗ್ಗದಿಂದ ನೀರು ತೊಟ್ಟಿಕ್ಕುತ್ತಿತ್ತು.

"ಹೆಂಗ್ಸಾ..." ಎಂದಿತು ದನಿ. ಆ ಒಂದು ಮಾತಿನಲ್ಲಿ ಅದೆಷ್ಟು ಅಪನಂಬಿಕೆ, ಅದೆಷ್ಟು ಕಹಿ. "ಕೈ ಕೊಡು, ನೋಡಾಣ."

ಕೊಡದೆ ದಾರಿ ಇರಲಿಲ್ಲ. ಎಡಗೈ ಅವರ ಬಾಯಿಯ ಮೇಲೆಯೇ ಇತ್ತು. ಬಲಗೈಯನ್ನು ನೀರಿಗೆ ಇಳಿಸಿದೆ. ಬೇಸಿಗೆಯ ನೀರು, ಮೇಲೆಲ್ಲ ಬೆಚ್ಚಗಿತ್ತು. ಕೆಳಗಿನಿಂದ ತಣ್ಣನೆಯ ಬೆರಳುಗಳು ಬಂದು ನನ್ನ ಅಂಗೈಯನ್ನು ತಡವಿದವು. ಅವಸರವಿಲ್ಲದೆ, ಸಂತೆಯಲ್ಲಿ ಬಟ್ಟೆ ಮುಟ್ಟಿ ನೋಡುವ ಹಾಗೆ. ಬೆರಳುಗಳ ಬುಡದಲ್ಲಿ, ಚಿಕ್ಕಂದಿನಲ್ಲಿ ಬೀಸುವ ಕಲ್ಲಿನ ಗೂಟ ಹಿಡಿದು ಹಿಡಿದು ಎದ್ದ ಜಡ್ಡು ನನಗೆ ಇನ್ನೂ ಇದೆ. ಅಲ್ಲಿ ಬಂದು ಆ ಬೆರಳು ನಿಂತಿತು. ಅದನ್ನೇ ಸವರಿತು. ಮತ್ತೆ ಸವರಿತು.

ಕೈ ಬಿಟ್ಟಿತು.

ಹಗ್ಗ ಸಡಿಲವಾಯಿತು. ನಾವಿಬ್ಬರೂ ಹಿಂದಕ್ಕೆ ಮಗುಚಿ ಬಿದ್ದೆವು. ಒಳಗೆ ಸ್ಟೋವಿನ ಮೇಲೆ ಸಾರು ಸೀದು ವಾಸನೆ ಬರುತ್ತಿತ್ತು. ಆ ಸೀದ ವಾಸನೆ ಎಷ್ಟು ಸಮಾಧಾನ ಕೊಟ್ಟಿತೆಂದರೆ ಹೇಳಲಾರೆ.

ಬೆಳಗಿನ ಗಾಳಿಗೆ ದೋಣಿ ತಾನಾಗಿ ದಡ ಸೇರಿತು. ಹಗ್ಗ ಎಳೆದುಕೊಂಡು ನೋಡಿದೆವು. ಹರಿದಿರಲಿಲ್ಲ. ಗಂಟು ಬಿಚ್ಚಿರಲಿಲ್ಲ. ಕಲ್ಲನ್ನು ಹಿಡಿದಿದ್ದ ಕುಣಿಕೆ ಹಾಗೇ ದುಂಡಗೆ ಇತ್ತು... ಅದರೊಳಗೆ ಕಲ್ಲು ಮಾತ್ರ ಇರಲಿಲ್ಲ.

ಹಾಲು ತಂದ ಕೆಂಚಮ್ಮ ಇವರ ಕೈ ನೋಡಿ ಚೊಂಬನ್ನು ಕೆಳಗಿಟ್ಟಳು. ನಡೆದದ್ದನ್ನೆಲ್ಲ ಹೇಳಿದೆ. ಆಕೆ ಅವತ್ತು ನನ್ನನ್ನು ಕೆಣಕಲಿಲ್ಲ.

"ಆ ಬಾವಿ ಮನೆ ಕತೆ ನಮ್ಮಜ್ಜಿ ಹೇಳೋಳು. ಬೀಸಿದ ಹಿಟ್ಟು ಸಾಲ್ದು ಅಂತ ಸೊಸೆನ ಆ ಕಲ್ಲಿಗೇ ಕಟ್ಟಿ ಬಾವಿಗೆ ಹಾಕಿದ್ರಂತೆ. ಕಟ್ಟಿದ್ದು ಗಂಡನೋ ಮಾವನೋ ಮೈದುನನೋ, ಮನ್ಯಾಗೆ ಒಬ್ರೂ ಬಾಯಿ ಬಿಡಲಿಲ್ಲ. ಆಮ್ಯಾಕೆ ನೀರು ಬಂತು, ಊರೇ ಹೋತು."

ಅಷ್ಟು ಹೇಳಿ ಇವರ ಕಡೆ ನೋಡಿದಳು. ಇವರು ನೀರನ್ನೇ ನೋಡುತ್ತಿದ್ದರು. ಕೆಂಚಮ್ಮ ನನ್ನ ಕಿವಿಯ ಹತ್ತಿರ ಬಂದಳು.

"ಹೇಳಿದ ಸುಳ್ಳನ್ನ ಕಾಯ್ಕೋ ಯಕ್ಕ. ಅವಳಿಗೆ ಬೇಕಾಗಿರೋನು ಗಂಡಸು."

ಅವತ್ತೇ ದೋಣಿ ಬಿಟ್ಟೆವು. ಈಗ ಚಿತ್ರದುರ್ಗದಲ್ಲಿ, ಜೋಗಿಮಟ್ಟಿಗೆ ಹೋಗುವ ದಾರಿಯಲ್ಲಿ ಬಾಡಿಗೆ ಮನೆ. ಕೆರೆ ಕಾಣದ, ಬಾವಿ ಇಲ್ಲದ ಮನೆಯನ್ನೇ ಹುಡುಕಿ ಹಿಡಿದೆ. ಕುಡಿಯುವ ನೀರನ್ನು ದೂರದ ನಲ್ಲಿಯಿಂದ ಹೊತ್ತು ತರುತ್ತೇನೆ, ಬೇಸರವಿಲ್ಲ. ಇವರ ಬಲಗೈ ಬೆರಳುಗಳು ಅನ್ನ ಕಲಸುತ್ತವೆ, ಪೇಪರು ಹಿಡಿಯುತ್ತವೆ. ಆದರೆ ಒಂದು ಗಂಟು ಹಾಕಲಾರವು. ಚೀಲದ ಬಾಯಿ ಕಟ್ಟುವುದಕ್ಕೂ ನಾನೇ ಬೇಕು.

ಅವರಿಗೆ ನೋವು ಕೈಯದಲ್ಲ. ತನ್ನ ಮೇಲೆ ಬರಬೇಕಾದದ್ದನ್ನು ಹೆಂಡತಿ ಹೊತ್ತಳೆಂಬುದು ಅವರನ್ನು ಒಳಗೇ ತಿನ್ನುತ್ತಿದೆ. ಹಗಲಿನಲ್ಲಿ ಆ ಮಾತು ಎತ್ತಬೇಡಿ ಎಂದು ಆಣೆ ಹಾಕಿಸಿಕೊಂಡಿದ್ದೇನೆ. ನಿದ್ದೆಗೆ ಆಣೆ ಹಾಕಿಸುವುದು ಹೇಗೆ?

ಮಲಗಿದ ಸ್ವಲ್ಪ ಹೊತ್ತಿಗೆ ಅವರ ತುಟಿ ಅಲುಗುತ್ತದೆ. "ಗಂಟು... ಹಾಕಿದ್ದು..." ಎಂಬಲ್ಲಿಗೆ ಬರುತ್ತದೆ. ನಾನು ಅಷ್ಟರಲ್ಲಿ ಕೈ ಅಡ್ಡ ಹಿಡಿಯುತ್ತೇನೆ. ಇವತ್ತಿನವರೆಗೂ ಆ ಮಾತನ್ನು ಅವರು ಮುಗಿಸಿಲ್ಲ.

ಆದರೆ ಅವರು ಶುರು ಮಾಡಿದಾಗಲೆಲ್ಲ, ಬಾವಿಯೂ ಕೆರೆಯೂ ಇಲ್ಲದ ಈ ಬೀದಿಯಲ್ಲಿ, ಗೋಡೆಯಾಚೆ ಎಲ್ಲೋ ಗರ್ ಎಂದು ಕಲ್ಲೊಂದು ಒಂದು ಸುತ್ತು ತಿರುಗುತ್ತದೆ. ತಿರುಗಿ ನಿಲ್ಲುತ್ತದೆ... ಯಾರೋ ಬೀಸುವುದನ್ನು ಬಿಟ್ಟು, ಕಿವಿಗೊಟ್ಟು ಕಾಯುತ್ತಿರುವ ಹಾಗೆ.