ಬಗ್ಗಿದ ಬೆನ್ನಿಗೊಂದು ಸರ್ಟಿಫಿಕೇಟು

ಹೋದ ಮಂಗಳವಾರ ಡಾಕ್ಟರ ತಾಯಿಯ ಕಾಲಿಗೆ ನಮಸ್ಕಾರ ಮಾಡಲು ಬಗ್ಗಿದವಳು ಮೇಲೇಳಲೇ ಇಲ್ಲ. ಭಕ್ತಿ ಹೆಚ್ಚಾಗಿ ಅಲ್ಲ, ಬೆನ್ನು ಹಿಡಿದುಕೊಂಡು!

ಮೊದಲಿನಿಂದ ಹೇಳುತ್ತೇನೆ. ಇಲ್ಲಿ ಅಮೆರಿಕದ ಸನ್ನಿವೇಲ್‌ನಲ್ಲಿ ನಾನು ಎಲೆಕ್ಟ್ರಾನಿಕ್ಸ್ ಬೋರ್ಡುಗಳಿಗೆ ಬೆಸುಗೆ ಹಾಕುತ್ತಿದ್ದೆ. (ಮೈಸೂರಿನಲ್ಲಿ ಓದಿದ್ದು ಸಮಾಜಶಾಸ್ತ್ರ. ನಗಬೇಡಿ.) ಜಪಾನಿನ ಚಿಪ್ ಅಗ್ಗವಾಯಿತು, ನಮ್ಮ ಕಂಪನಿ ಸೊರಗಿತು, ಒಂದು ಶುಕ್ರವಾರ ಲೇಆಫ್ ಎಂದು ಮನೆಗೆ ಕಳಿಸಿದರು. ಅಂದಿನಿಂದ ಸರ್ಕಾರ ನಿರುದ್ಯೋಗ ಭತ್ಯೆಯ ಚೆಕ್ಕು ಕಳಿಸುತ್ತಿತ್ತು. ಯಜಮಾನರದು ಇನ್ನೂ ಓದು ಮುಗಿದಿಲ್ಲ. ಮನೆ ಬಾಡಿಗೆ ಹೋಗುವುದು ಆ ಚೆಕ್ಕಿನಿಂದಲೇ.

ಸುಮ್ಮನೆ ಕೊಡುತ್ತಾರೆಯೇ? ಎರಡು ವಾರಕ್ಕೊಮ್ಮೆ ಬರೆದುಕೊಡಬೇಕು: ನನಗೆ ಕೆಲಸ ಮಾಡುವ ಶಕ್ತಿಯಿದೆ, ಕೆಲಸ ಹುಡುಕುತ್ತಿದ್ದೇನೆ.

ಅಷ್ಟರಲ್ಲಿ ಗ್ರೋಸರಿ ಚೀಲ ಎತ್ತಲು ಹೋಗಿ ಬೆನ್ನು ಕೈಕೊಟ್ಟಿತು. ಕುರ್ಚಿಯಲ್ಲಿ ಕೂರುವುದೂ ಕಷ್ಟ. ಅಂಥವರಿಗೆ ಡಿಸೆಬಿಲಿಟಿ ಅಂತ ಬೇರೆ ಭತ್ಯೆಯಿದೆ. ಅದಕ್ಕೆ ಏನು ಬರೆದುಕೊಡಬೇಕು ಗೊತ್ತೇ? ನನಗೆ ಕೆಲಸ ಮಾಡುವ ಶಕ್ತಿಯಿಲ್ಲ!

ಎರಡರ ಕೆಳಗೂ ನನ್ನದೇ ಸಹಿ. ಹೋದ ವಾರ ಇದೆ ಎಂದವಳು ಈ ವಾರ ಇಲ್ಲ ಎಂದರೆ ಕಳ್ಳಿ ಅನ್ನುವುದಿಲ್ಲವೇ? ಕೊಟ್ಟದ್ದನ್ನೂ ವಾಪಸು ಕೇಳಿದರೆ? ಊಟ ಸೇರುತ್ತಿರಲಿಲ್ಲ. ಪೋಸ್ಟ್‌ಮ್ಯಾನ್ ಕಂಡರೂ ಕಿಟಕಿಯ ಪರದೆ ಎಳೆಯುತ್ತಿದ್ದೆ.

ಡಿಸೆಬಿಲಿಟಿಗೆ ಡಾಕ್ಟರ ಸರ್ಟಿಫಿಕೇಟೂ ಬೇಕು. ನಮ್ಮ ಡಾಕ್ಟರು ಹತ್ತಿರದ ಫ್ರೀಮಾಂಟಿನಲ್ಲಿರುವ ಧಾರವಾಡದವರು. ನಮ್ಮವರು, ಕೂಡಲೇ ಬರೆದುಕೊಡುತ್ತಾರೆ ಅಂದುಕೊಂಡು ಎರಡು ಸಹಿಯ ಕಥೆಯನ್ನೂ ಹೇಳಿಬಿಟ್ಟೆ. ಅವರೋ, "ಎಲ್ಲಿ, ಮುಂದಕ್ಕ ಬಗ್ಗರಿ" ಎಂದರು. ಗೇಣುದ್ದ ಬಗ್ಗಿ ಅಯ್ಯೋ ಎಂದೆ.

"ಇಷ್ಟ ಏನು? ಮೊನ್ನೆ ಮೊನ್ನೆ ಕೆಲಸಕ್ಕ ತಯಾರದೀನಿ ಅಂತ ಬರದೀರಿ. ನಾ ಸಹಿ ಮಾಡಿದ್ರ ನಾಳೆ ನನ್ನ ಕೇಳ್ತಾರ್ರೀ."

"ಆಗ ಆಗ್ತಿತ್ತು ಡಾಕ್ಟ್ರೇ, ಈಗ ನಿಜವಾಗ್ಲೂ ಬಗ್ಗಕ್ಕಾಗಲ್ಲ" ಎಂದೆ.

ಅದೇ ಹೊತ್ತಿಗೆ ಬಾಗಿಲು ತೆರೆದು, ಇಳಕಲ್ ಸೀರೆಯ ಹಿರಿಯರೊಬ್ಬರು ಊಟದ ಡಬ್ಬಿ ಹಿಡಿದು ಬಂದರು. "ನಮ್ಮ ಅವ್ವಾರು" ಎಂದರು ಡಾಕ್ಟರು. ಇನ್ನೇನು, ಹಿರಿಯರನ್ನು ಕಂಡರೆ ಕೈ ನಮ್ಮ ಮಾತು ಕೇಳುತ್ತದೆಯೇ? ಬಗ್ಗಿಬಿಟ್ಟೆ. ಪೂರ್ತಿ, ಬೆರಳು ಪಾದ ಮುಟ್ಟುವಷ್ಟು!

ಬಗ್ಗಿದ ಮೇಲೆ ನೆನಪಾಯಿತು. ಹೋಯಿತು, ಬಾಡಿಗೆ ಹೋಯಿತು, ಮಾನ ಹೋಯಿತು.

"ಮುತ್ತೈದಿಯಾಗಿ ನೂರು ವರ್ಷ ಬಾಳು" ಎಂದರು ಅವ್ವ. ನಾನು ಏಳಲಿಲ್ಲ. "ಮಕ್ಕಳು ಮರಿ ಚೆಂದಿರಲಿ." ಏಳಲಿಲ್ಲ. "ಎಷ್ಟು ಸಂಸ್ಕಾರದಾಕಿ ನೋಡೋ! ಸಾಕು, ಏಳವಾ."

"ಏಳಕ್ಕಾಗ್ತಿಲ್ಲಮ್ಮಾ" ಎಂದೆ, ಅವರ ಕಾಲುಂಗುರಗಳಿಗೆ.

ತಾಯಿ ಮಗ ಸೇರಿ ಎತ್ತಿ ಮಂಚಕ್ಕೆ ಹಾಕಿದರು. ಡಾಕ್ಟರು ಎಕ್ಸ್‌ರೇ ತೆಗೆಸಿ, ಸರ್ಟಿಫಿಕೇಟಿಗೆ ಸಹಿ ಹಾಕಿದರು. ಅವ್ವ ಮಾತ್ರ ಮಗನನ್ನು ಬಿಡಲಿಲ್ಲ: "ಬ್ಯಾನಿ ಅಂತ ಬಂದಾಕಿನ್ನ ಬಗ್ಗು ಅಂತೀಯಲ್ಲೋ!"

ಸಮಾಧಾನವಾಯಿತೇ? ಎಲ್ಲಿಯದು! ಈ ಸಲ ನಿರುದ್ಯೋಗದ ಆಫೀಸಿನವರಿಗೆ, ಈಗ ಶಕ್ತಿಯಿಲ್ಲ ಎಂದು ಇದ್ದದ್ದನ್ನೇ ಬರೆದೆ. ಆ ಚೆಕ್ಕು ನಿಂತಿತು. ಡಿಸೆಬಿಲಿಟಿಯವರು ಇನ್ನೂ ಯೋಚಿಸುತ್ತಿದ್ದಾರೆ. ತಿಂಗಳ ಕೊನೆ ಮಾತ್ರ ಯಾರಿಗೂ ಕಾಯದೆ ಬರುತ್ತಿದೆ. ಭಯವಾಗುತ್ತದೆ.

ನಿನ್ನೆ ಅಂಗಡಿಯಲ್ಲಿ ಪರಿಚಯದವರು ಸಿಕ್ಕಿ, "ಹೇಗಿದ್ದೀರಾ?" ಎಂದರು. "ಚೆನ್ನಾಗಿದ್ದೀನಿ" ಅಂದೇಬಿಟ್ಟೆ. ತಕ್ಷಣ ಹಿಂದೆ ತಿರುಗಿ ನೋಡಿದೆ: ಸರ್ಕಾರದವರು ಯಾರಾದರೂ ಕೇಳಿಸಿಕೊಂಡರೇ?