ನಾಗಪುರದ ಕಂಪ್ಯೂಟರಿನೊಳಗೆ ನನ್ನ ಹುಬ್ಬಳ್ಳಿ

ನಾಗಪುರಕ್ಕೆ ಬಂದ ಮೇಲೆ ನಾನು ಮೊದಲ ಸಲ ಚಪ್ಪಲಿ ಕಳಚಿಟ್ಟು ಒಳಗೆ ಹೋದದ್ದು ಯಾವ ಗುಡಿಗೂ ಅಲ್ಲ, ಕಂಪ್ಯೂಟರ್ ಕೋಣೆಗೆ. ಎಂಬತ್ತರ ದಶಕದ ನಡುವಿನ ಒಂದು ಮೇ ತಿಂಗಳು. ಸಿವಿಲ್ ಲೈನ್ಸಿನ ಅಗಲವಾದ ರಸ್ತೆಯಲ್ಲಿ ಡಾಂಬರು ಕರಗಿ ಚಪ್ಪಲಿಗೆ ಅಂಟುತ್ತಿತ್ತು. ಕಚೇರಿಯ ಮೂಲೆಯ ಬಾಗಿಲು ತಳ್ಳಿದರೆ ಜವಾನ, "ಮ್ಯಾಡಮ್, ಚಪ್ಪಲ್! ಚಪ್ಪಲ್!" ಎಂದು ಹೌಹಾರಿ ಓಡಿ ಬಂದ. ಒಳಗೆ ಹಲ್ಲು ಕಟಕಟ ಅನ್ನುವಷ್ಟು ಚಳಿ. ಗೋಡೆಯ ಮೊಳೆಗೆ ಯಾರದೋ ಸ್ವೆಟರ್ ತೂಗುಬಿದ್ದಿತ್ತು. ಹೊರಗೆ ಜನ ಬಿಸಿಲಿಗೆ ಹೆದರಿ ಜೇಬಿನಲ್ಲಿ ಉಳ್ಳಾಗಡ್ಡಿ ಇಟ್ಟುಕೊಂಡು ಓಡಾಡುವ ಊರಿನಲ್ಲಿ, ಒಂದು ಯಂತ್ರಕ್ಕೆ ಸೆಕೆ ಆಗಬಾರದೆಂದು ಮನುಷ್ಯರು ಸ್ವೆಟರ್ ಹಾಕುತ್ತಿದ್ದರು. ಎಂಥಾ ಊರಿಗೆ ಬಂದೆನಪ್ಪಾ ಎಂದು ಬರಿಗಾಲಲ್ಲಿ ನಿಂತೇ ಅಂದುಕೊಂಡೆ.

ನಾನು ಹುಬ್ಬಳ್ಳಿಯವಳು. ಕೇಂದ್ರ ಸರ್ಕಾರದ ಅಂಕಿಸಂಖ್ಯೆಯ ಕಚೇರಿಯಲ್ಲಿ ಕೆಲಸ. ಬಡ್ತಿ ಬೇಕೆಂದರೆ ನಾಗಪುರ, ಬೇಡವೆಂದರೆ ಇದ್ದಲ್ಲೇ ಇರು ಅಂದರು. ಮದುವೆ ಮಾಡಿಕೊಳ್ಳದ ಹೆಂಗಸಿಗೆ ಬಡ್ತಿಯಾದರೂ ಇರಲಿ ಎಂದು ಹೊರಟೆ. ನಮ್ಮ ಮನೆಯಲ್ಲಿ ಅವ್ವ, ಅಣ್ಣ, ಅತ್ತಿಗೆ, ಅವರ ಮಕ್ಕಳು, ಮೇಲೆ ದಿನಾ ಬಂದುಹೋಗುವ ಬೀಗರು. ಅಲ್ಲಿ ಒಬ್ಬಳೇ ಇರಬೇಕೆಂದರೆ ಬಚ್ಚಲಮನೆಯ ಚಿಲಕ ಹಾಕಿಕೊಳ್ಳಬೇಕು. ಇಲ್ಲಿ ಮನೀಶ್ ನಗರದಲ್ಲಿ, ವರ್ಧಾ ರಸ್ತೆಯಿಂದ ಒಳಗೆ, ಅರ್ಧ ಕಟ್ಟಿದ ಮನೆಗಳು ಮತ್ತು ಜಾಲಿಗಿಡಗಳ ನಡುವೆ ನನಗೊಂದು ಮಾಳಿಗೆಯ ಕೋಣೆ ಸಿಕ್ಕಿತು. ಹಗಲೆಲ್ಲ ಕಾದ ಮಾಳಿಗೆ ಸಂಜೆ ರೊಟ್ಟಿಯ ಹಂಚಿನ ಹಾಗೆ ಇರುತ್ತಿತ್ತು. ನೀರು ಹೊಯ್ದರೆ ಚುಯ್ ಅನ್ನುತ್ತಿತ್ತು. ಆ ಸದ್ದೊಂದೇ ನನ್ನ ಜೊತೆ ಮಾತಾಡುವುದು ಎಂದು ನಾನೇ ನಗುತ್ತಿದ್ದೆ.

ಮನೆ ಒಡತಿಯನ್ನು ಎಲ್ಲರೂ ಕಾಕೂ ಅನ್ನುತ್ತಿದ್ದರು, ಅಂದರೆ ಚಿಕ್ಕಮ್ಮ. ಒಳ್ಳೆಯ ಹೆಂಗಸು, ಆದರೆ ಕಿವಿ ಮಂದ. ನನ್ನ ಹರಕು ಮರಾಠಿಯನ್ನು ಗಟ್ಟಿಯಾಗಿ ಕೂಗಿ ಹೇಳಬೇಕು. ತಪ್ಪು ಮರಾಠಿಯನ್ನು ಮೆಲ್ಲಗೆ ಮಾತಾಡಬಹುದು. ಓಣಿಗೆಲ್ಲ ಕೇಳುವಂತೆ ಕೂಗುವುದಕ್ಕೆ ಧೈರ್ಯ ಬೇಕು. ಊಟದಲ್ಲಿ ಅಷ್ಟೇನೂ ಪರಕೀಯತೆ ಇರಲಿಲ್ಲ. ಭಾಕರಿ ನಮ್ಮ ರೊಟ್ಟಿಯೇ, ಝುಣಕ ನಮ್ಮ ಝುಣಕವೇ. ಆದರೆ ಇಲ್ಲಿನವರಿಗೆ ಸಾಂಬಾರ್ ಎಂದರೆ ಕೊತ್ತಂಬರಿ ಸೊಪ್ಪು, ಮತ್ತು ಖಾರ ಎಂದರೆ ನಮ್ಮ ಕೆಂಪು ಖಾರದ ಚಟ್ನಿಯೂ ಕೈಮುಗಿಯುವಂಥದ್ದು. ಹುಬ್ಬಳ್ಳಿಯವಳಾದ ನಾನು ಖಾರಕ್ಕೆ ಅತ್ತೆ ಎಂದರೆ ಅವ್ವ ನಂಬಲೇ ಇಲ್ಲ.

ಕನ್ನಡದವರು ಇರಲಿಲ್ಲವೇ ಎಂದರೆ, ಇದ್ದರು. ಕಾಮಠಿಯ ಕಡೆ ಸೈನ್ಯದವರು, ಇತ್ತ ವಾಯುಸೇನೆಯವರು. ಯುಗಾದಿಗೆ ಕರೆದರೆಂದು ಹೊಸ ಇಳಕಲ್ ಸೀರೆ ಉಟ್ಟು ಹೋದೆ. ಮೈಸೂರಿನ ಕಡೆಯ ಒಬ್ಬಾಕೆ ನನ್ನ ಮಾತು ಕೇಳಿ, "ಅಯ್ಯೋ, ನಿಮ್ಮ ಕನ್ನಡ ಅರ್ಧ ಮರಾಠೀನೇ ಅಲ್ವಾ? ನಿಮಗೆ ಇಲ್ಲಿ ಕಷ್ಟಾನೇ ಆಗಿರಲ್ಲ ಬಿಡಿ" ಎಂದರು. ಸಿಟ್ಟು ನೆತ್ತಿಗೇರಿತು. "ಹಂಗೇನಿಲ್ಲರಿ, ನಿಮ್ ಮಕ್ಕಳು ಮನ್ಯಾಗ ಆಡೋ ಹಿಂದೀಗಿಂತ ನನ್ನ ಕನ್ನಡ ಭಾಳ ಚಲೋ ಐತಿ" ಎಂದುಬಿಟ್ಟೆ. ಹೋಳಿಗೆ ತಿನ್ನುತ್ತಿದ್ದವರೆಲ್ಲ ತಟ್ಟೆ ನೋಡತೊಡಗಿದರು. ಮುಂದೆ ಯಾರೂ ಕರೆಯಲಿಲ್ಲ, ನಾನೂ ಹೋಗಲಿಲ್ಲ.

ಭಾನುವಾರಗಳು ಮಾತ್ರ ಕೊಲ್ಲುತ್ತಿದ್ದವು. ಬೆಳಗ್ಗೆ ತಲೆಗೆ ಎರೆದುಕೊಂಡು, ಬಟ್ಟೆ ಒಗೆದು ಹಾಕಿದರೆ ಹತ್ತು ನಿಮಿಷದಲ್ಲಿ ಒಣಗುತ್ತಿದ್ದವು. ಮಡಿಸಿಟ್ಟರೆ ಮುಂದೆ ಕೆಲಸವಿಲ್ಲ. ಒಂದೊಂದು ಭಾನುವಾರ ಸಂಜೆ ಹೊತ್ತಿಗೆ, ಇವತ್ತು ನನ್ನ ಬಾಯಿಂದ ಒಂದು ಮಾತೂ ಹೊರಡಲಿಲ್ಲವಲ್ಲ ಎಂದು ಗಾಬರಿಯಾಗಿ, ಕೋಣೆಯಲ್ಲೇ "ಏನವಾ, ಚಹಾ ಮಾಡ್ಲೇನು?" ಎಂದು ನನ್ನನ್ನೇ ಕೇಳಿಕೊಳ್ಳುತ್ತಿದ್ದೆ. ಒಂಟಿತನಕ್ಕೆ ಬೇರೆ ಹೆಸರು ಕೊಟ್ಟು ಚಂದ ಮಾಡುವುದು ನನಗೆ ಗೊತ್ತಿಲ್ಲ. ಅಳು ಬರುತ್ತಿತ್ತು, ಅಳುತ್ತಿದ್ದೆ.

ಸುಷಮಾ ಸಿಕ್ಕದ್ದು ಕಂಪ್ಯೂಟರ್ ಕೋಣೆಯಲ್ಲಿ. ಅಂಕಿಗಳನ್ನು ಯಂತ್ರಕ್ಕೆ ತುಂಬುವ ಕೆಲಸ ಅವಳದು. ನಾಗಪುರದಲ್ಲೇ ಹುಟ್ಟಿ, ನಾಗಪುರದ ಹಳೆಯ ಪೇಟೆಯಲ್ಲೇ ಮದುವೆಯಾಗಿ, ದೊಡ್ಡ ಕೂಡುಕುಟುಂಬದ ನಡುಸೊಸೆಯಾಗಿದ್ದಳು. ಮಧ್ಯಾಹ್ನ ನಾನು ಡಬ್ಬಿ ಬಿಚ್ಚಿಕೊಂಡು ಕೂತಿದ್ದಾಗ ಬಾಗಿಲಿಂದ ಇಣುಕಿ, "ಕಾಹೂನ್ ವಂ, ಏಕಟೀಚ್ ಬಸಲೀ?" ಎಂದಳು. ಯಾಕೇ, ಒಬ್ಬಳೇ ಕೂತಿದ್ದೀಯಲ್ಲ ಎಂದರ್ಥ. ಆ 'ವಂ' ಈ ಕಡೆಯ ಹೆಂಗಸರು ಸಲಿಗೆಯವರಿಗೆ ಮಾತ್ರ ಹಚ್ಚುವ ಬಾಲ, ನಮ್ಮ 'ಏ ಇವಳ' ಇದ್ದ ಹಾಗೆ. ಗುರುತಿಲ್ಲ ಪರಿಚಯವಿಲ್ಲ, ಎತ್ತಿದ ಮಾತಿಗೇ ನನಗೆ ಸಲಿಗೆ ಕೊಟ್ಟಳು. ನಾನು ಮರುದಿನದಿಂದ ಅವಳ ಜೊತೆಗೇ ಉಂಡೆ.

ಉಂಡಾದ ಮೇಲೆ ಉಳಿದ ಹೊತ್ತಿನಲ್ಲಿ ಆಟ. ನಮ್ಮ ಸಾಹೇಬರು ತರಬೇತಿಗೆ ಹೋದಾಗ ದೆಹಲಿಯಿಂದ ಒಂದು ಫ್ಲಾಪಿ ತಂದಿದ್ದರು. ಹಪ್ಪಳದಂತೆ ತೆಳ್ಳಗೆ, ಬಳುಕುವ ತಟ್ಟೆ. ಅದರಲ್ಲಿ ಮೂರು ಆಟ. ಊಟದ ಹೊತ್ತಿನಲ್ಲಿ ಆಡಿಕೊಳ್ಳಿ, ಕೈ ತೊಳೆದು ಬನ್ನಿ ಎಂದಿದ್ದರು. ಮೂರೂ ಸರದಿಯ ಆಟಗಳು: ನೀನೊಂದು ನಡೆ ನಡೆಸು, ಆಮೇಲೆ ಎದುರಿನವರು ನಡೆಸುವ ತನಕ ಕೈಕಟ್ಟಿ ಕೂರು. ಅವಸರವಿಲ್ಲ, ಗುಂಡಿ ಕುಟ್ಟುವ ಗದ್ದಲವಿಲ್ಲ.

ಒಂದು ಚದುರಂಗ. ಅದನ್ನು ಇಬ್ಬರೂ ವಾರದಲ್ಲೇ ಬಿಟ್ಟೆವು. ಯಂತ್ರ ಯಾವಾಗಲೂ ಗೆಲ್ಲುತ್ತಿತ್ತು, ಗೆದ್ದ ಮೇಲೆ ಒಂದು ಮಾತೂ ಆಡುತ್ತಿರಲಿಲ್ಲ. ಅದಕ್ಕಿಂತ ನಮ್ಮ ಸಾಹೇಬರು ವಾಸಿ ಎಂದಳು ಸುಷಮಾ.

ಎರಡನೆಯದು ನನಗೆ ಪ್ರಾಣ. ನಾವು ಅದಕ್ಕೆ ಧಾನ್ಯದ ಆಟ ಎನ್ನುತ್ತಿದ್ದೆವು. ಚಿತ್ರವಿಲ್ಲ, ಹಸಿರು ಅಕ್ಷರಗಳು ಮಾತ್ರ. ನೀನು ರಾಜ. ವರ್ಷಕ್ಕೊಮ್ಮೆ ಯಂತ್ರ ಕೇಳುತ್ತದೆ: ಎಷ್ಟು ಚೀಲ ಬಿತ್ತುತ್ತೀ, ಎಷ್ಟು ಜನರಿಗೆ ಹಂಚುತ್ತೀ, ಎಷ್ಟು ಉಳಿಸುತ್ತೀ? ನಾನು ಉಳಿಸುವವಳು. ನನ್ನ ಅಜ್ಜಿಯ ಮನೆಯಲ್ಲಿ ನೆಲದೊಳಗೆ ಜೋಳ ತುಂಬಿಡುವ ಹಗೇವು ಇತ್ತು. ತುಂಬಿದ ಹಗೇವಿನ ಮೇಲೆ ಮಲಗಿದರೆ ನಿದ್ದೆ ಚಲೋ ಬರುತ್ತದೆ ಅನ್ನುತ್ತಿದ್ದಳು. ನಾನೂ ಹಾಗೇ ತುಂಬಿಟ್ಟೆ. ಆಟದಲ್ಲಿ ಪ್ರತಿವರ್ಷ ಇಲಿಗಳು ಬಂದು ಅರ್ಧ ತಿಂದು ಹೋಗುತ್ತಿದ್ದವು, ಪ್ರಜೆಗಳು ಹಸಿದು ಊರು ಬಿಡುತ್ತಿದ್ದರು.

"ತುಝಾ ರಾಜಾ ಕಂಜೂಸ್ ಹಾಯೆ ವಂ!" ಎಂದು ಸುಷಮಾ ಬಿದ್ದು ಬಿದ್ದು ನಗುತ್ತಿದ್ದಳು. ನಿನ್ನ ರಾಜ ಜಿಪುಣ. ಅವಳ ಕೈಗೆ ಕೊಟ್ಟರೆ ಇದ್ದಬದ್ದದ್ದನ್ನೆಲ್ಲ ಬಿತ್ತಿಬಿಡುತ್ತಿದ್ದಳು. ಒಳ್ಳೆಯ ವರ್ಷ ಬಂದರೆ ಇಲ್ಲಿನ ಕಳಮನಾ ಮಾರುಕಟ್ಟೆಯಂತೆ ಚೀಲದ ಮೇಲೆ ಚೀಲ. ಕೆಟ್ಟ ವರ್ಷ ಬಂದರೆ ರಾಜ್ಯವೇ ಖಾಲಿ. "ಜಾನೇ ದೋ, ಫಿರ್ ಸೆ" ಎಂದು ಹೊಸ ರಾಜ್ಯ ಶುರು ಮಾಡುವಳು.

ಅವಳ ಪ್ರಾಣ ಇದ್ದದ್ದು ಮೂರನೆಯದರಲ್ಲಿ. ಅದನ್ನು ಅವಳು ಕಿಲ್ಲಾ ಎನ್ನುತ್ತಿದ್ದಳು, ಕೋಟೆ. ಜೇನುಹುಟ್ಟಿನಂಥ ಆರು ಮೂಲೆಯ ಮನೆಗಳ ನಕಾಶೆ, ಇಬ್ಬರು ಆಟಗಾರರು, ಇಬ್ಬರಿಗೂ ಒಂದೊಂದು ರಾಜಧಾನಿ. ಒಬ್ಬರ ದಂಡು ಇನ್ನೊಬ್ಬರಿಗೆ ಕಾಣುವುದಿಲ್ಲ, ಮೈಮೇಲೆ ಬಂದಾಗಲೇ ಗೊತ್ತಾಗುವುದು. ಅದಕ್ಕೇ ಒಬ್ಬಳು ನಡೆಸುವಾಗ ಇನ್ನೊಬ್ಬಳು ಗೋಡೆಗೆ ಮುಖ ಮಾಡಿ ನಿಲ್ಲಬೇಕು. ರಾಜಧಾನಿ ಬಿದ್ದರೆ ಆಟ ಮುಗಿಯಿತು.

ಯಾವುದು ಹೆಚ್ಚು ಎಂಬ ಜಗಳ ನಮ್ಮಲ್ಲಿ ಮುಗಿಯಲೇ ಇಲ್ಲ. ಧಾನ್ಯದ ಆಟ ಜೀವನದ ಹಾಗಿದೆ, ಲೆಕ್ಕ ತಪ್ಪಿದರೆ ತಪ್ಪು ನಿನ್ನದೇ ಎಂದು ನಾನು. "ಅದನ್ನ ಒಬ್ಬಳೇ ಆಡ್ಬೇಕು, ಆಟ ಏನ್ ಬಂತು ಅದ್ರಲ್ಲಿ? ಸಂಗಡ ಯಾರಾದ್ರೂ ಬೇಕು" ಎಂದು ತನ್ನ ಹಿಂದಿ-ಮರಾಠಿಯಲ್ಲಿ ಸುಷಮಾ. ಈ ಮಾತನ್ನು ಒಬ್ಬಂಟಿಯಾದ ನಾನು ಹೇಳಬೇಕಿತ್ತು, ತುಂಬಿದ ಮನೆಯ ಅವಳು ಹೇಳುತ್ತಿದ್ದಾಳಲ್ಲ ಎಂದು ನನಗೆ ವಿಚಿತ್ರ ಅನಿಸಿತು. ಒಮ್ಮೆ ಕೇಳಿಯೂ ಕೇಳಿದೆ. "ಘರಾತ್ ಮಾಝಾ ನಂಬರಚ್ ಲಾಗತ್ ನಾಯೀ" ಎಂದಳು, ಮನೆಯಲ್ಲಿ ನನ್ನ ಸರದಿ ಬರುವುದೇ ಇಲ್ಲ. ಊಟಕ್ಕೂ ಕೊನೆ, ಮಾತಿಗೂ ಕೊನೆ. ಹೇಳಿ ನಕ್ಕಳು, ನಾನೂ ನಕ್ಕೆ.

ಎರಡನೆಯ ವರ್ಷ ಅವಳ ಹಟವೇ ಗೆದ್ದಿತು, ಕಿಲ್ಲಾ ಶುರುವಾಯಿತು. ಊರುಗಳಿಗೆ ಹೆಸರನ್ನು ನಾವೇ ಕೊಡಬಹುದಿತ್ತು. ಅವಳ ರಾಜಧಾನಿ ಸೀತಾಬರ್ಡಿ, ಇದೇ ಊರಿನ ಕೋಟೆಯ ಗುಡ್ಡ. ನಾನು ನನ್ನದಕ್ಕೆ ಹುಬ್ಬಳ್ಳಿ ಎಂದಿಟ್ಟೆ. ಅದರ ಬಗಲಿನ ಕಾಡಿನ ಮನೆಗೆ ಉಣಕಲ್, ಆಚೆ ಗದಗ, ಅಣ್ಣಿಗೇರಿ, ನವಲಗುಂದ. ಸುಷಮಾ ಒಂದೊಂದೇ ಹೆಸರು ಓದಿ, ಅಲ್ಲಿ ಏನಿದೆ, ಎಷ್ಟು ದೂರ ಎಂದು ಕೇಳುತ್ತಿದ್ದಳು. ಉಣಕಲ್ಲಿನಲ್ಲಿ ಕೆರೆ ಇದೆ, ಸಂಜೆ ಅವ್ವನ ಜೊತೆ ಹೋಗಿ ಕೂರುತ್ತಿದ್ದೆ, ಗಿರಮಿಟ್ ತಿನ್ನುತ್ತಿದ್ದೆ ಎಂದು ನಾನು ಹೇಳುತ್ತಾ ಹೋಗುವೆ. ಹಿಂದಿ ಸಿಕ್ಕಲ್ಲಿ ಹಿಂದಿ, ಮರಾಠಿ ಸಿಕ್ಕಲ್ಲಿ ಮರಾಠಿ. ನನಗೆ ಮರಾಠಿ ಬಂದದ್ದೇ ಹೀಗೆ. ತರಕಾರಿಯವನ ಹತ್ತಿರ ಚೌಕಾಸಿ ಮಾಡಲು ಬರುವ ಮೊದಲೇ ನನಗೆ ದಂಡು, ಮುತ್ತಿಗೆ, ಕಾವಲು ಎಲ್ಲಕ್ಕೂ ಮರಾಠಿ ಮಾತು ಗೊತ್ತಿತ್ತು.

ದಿನಕ್ಕೆ ಒಂದೆರಡು ಸರದಿ, ಆಮೇಲೆ ಫ್ಲಾಪಿಯಲ್ಲಿ ಉಳಿಸಿ ಎದ್ದುಬಿಡುವುದು. ಮಳೆಗಾಲ ಹೋಗಿ ದೀಪಾವಳಿ ಬಂತು, ಕಿತ್ತಳೆಯ ಕಾಲ ಬಂತು, ಸಂಕ್ರಾಂತಿಯೂ ಹೋಯಿತು, ಆಟ ಮುಗಿಯಲಿಲ್ಲ. ಗದಗ ಒಂದು ವಾರ ಅವಳದು, ಇನ್ನೊಂದು ವಾರ ನನ್ನದು. ಆದರೆ ಹುಬ್ಬಳ್ಳಿಯ ಹತ್ತಿರ ಯಾರೂ ಸುಳಿಯಲಿಲ್ಲ. ನಾನು ಇದ್ದ ಪಡೆಯನ್ನೆಲ್ಲ ಊರ ಸುತ್ತ ನಿಲ್ಲಿಸಿ ಬಿಗಿ ಮಾಡಿದ್ದೆ. "ನಮ್ಮ ಹುಬ್ಬಳ್ಳಿ ಮುಟ್ಟೋದು ನಿಮ್ಮಪ್ಪನ ಕೈಲೂ ಆಗೂದಿಲ್ಲ" ಎಂದು ಕನ್ನಡದಲ್ಲೇ ಜಂಬ ಕೊಚ್ಚುತ್ತಿದ್ದೆ. ಅವಳು "ಬರೋಬರ್" ಎಂದು ತಲೆಯಾಡಿಸುತ್ತಿದ್ದಳು, ಸರಿ ಸರಿ ಎಂದು.

ಅಷ್ಟರಲ್ಲಿ ನಾನು ಎರಡು ವರ್ಷದಿಂದ ಹರಸಿಕೊಂಡದ್ದು ಆಯಿತು. ನಾಗಪುರದವರೊಬ್ಬರು ನಮ್ಮ ಹುಬ್ಬಳ್ಳಿ ಕಚೇರಿಯಲ್ಲಿ ಸಿಕ್ಕಿಕೊಂಡು ನನ್ನಂತೆಯೇ ಊರು ಊರು ಅನ್ನುತ್ತಿದ್ದರಂತೆ. ಇಬ್ಬರೂ ಒಪ್ಪಿದರೆ ಅದಲುಬದಲು. ನಾನು ಕೇಳಿದ ಕೂಡಲೇ ಒಪ್ಪಿದೆ, ಮಾಳಿಗೆಯ ಮೇಲೆ ಒಬ್ಬಳೇ ಕುಣಿದೆ. ಅವ್ವ ಫೋನಿನಲ್ಲಿ ಅತ್ತಳು. ಖುಷಿಯ ಭರದಲ್ಲಿ ಸುಷಮಾಗೆ ಹೇಳುವುದೇ ಮರೆತಿತ್ತು. ಮೂರ್ನಾಲ್ಕು ದಿನ ಬಿಟ್ಟು, ಡಬ್ಬಿಯ ಮುಚ್ಚಳ ತೆಗೆಯುತ್ತಾ ಹೇಳಿದೆ. ಅವಳು "ಅಚ್ಛಾ" ಎಂದಳು. ಮರುದಿನದಿಂದ ಊಟಕ್ಕೆ ಬರಲಿಲ್ಲ. ಕೆಲಸ ಬಹಳ ಇದೆ ಎಂದಳು. ಎದುರಿಗೆ ಸಿಕ್ಕರೂ ಫೈಲು ನೋಡುವ ಹಾಗೆ ಮಾಡುವಳು. ನನಗೂ ಸಿಟ್ಟು ಬಂತು. ನನ್ನೂರಿಗೆ ನಾನು ಹೋದರೆ ಇವಳದೇನು ಗಂಟು ಹೋಗುತ್ತದೆ? ಇರಲಿ ಬಿಡು ಎಂದು ಒಬ್ಬಳೇ ಉಂಡೆ. ಮತ್ತೆ ಒಬ್ಬಳೇ ಕೂತು ನೋಡಿದಾಗ, ಊರಿಗೆ ಹೋಗುವ ಖುಷಿಯ ಅಡಿಯಲ್ಲಿ ಇನ್ನೇನೋ ಕುಕ್ಕುತ್ತಿತ್ತು.

ಕೊನೆಯ ದಿನ ಶನಿವಾರ. ಹಾರ ಹಾಕಿದರು, ಸಮೋಸಾ ಕೊಟ್ಟರು. ಎಲ್ಲರೂ ಹೋದ ಮೇಲೆ ಸುಷಮಾ ಬಾಗಿಲಲ್ಲಿ ಬಂದು ನಿಂತಳು. "ಚಲ್. ಮಾಝಾ ನಂಬರ್ ಹಾಯೆ" ಎಂದಳು. ಹೌದು, ಸರದಿ ಅವಳದೇ ಬಾಕಿಯಿತ್ತು. ಚಪ್ಪಲಿ ಬಿಟ್ಟು ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ನಿಂತೆ. ನಾಲ್ಕೈದು ಗುಂಡಿಗಳ ಸದ್ದಾಯಿತು, ಆಮೇಲೆ ಯಂತ್ರ ಕೀ ಎಂದು ಕೂಗಿತು.

"ತಿರುಗು" ಎಂದಳು.

ಹುಬ್ಬಳ್ಳಿ ಬಿದ್ದಿತ್ತು. ಆಟ ಮುಗಿದದ್ದರಿಂದ ಎರಡೂ ಕಡೆಯ ದಂಡುಗಳು ತೆರೆಯ ಮೇಲೆ ಕಾಣುತ್ತಿದ್ದವು. ಉಣಕಲ್ಲಿನ ಕಾಡಿನಲ್ಲಿ, ನನ್ನ ಕಾವಲಿನ ಮೂಗಿನಡಿಯಲ್ಲಿ, ಅವಳ ಅರ್ಧ ಸೈನ್ಯ ಒತ್ತೊತ್ತಾಗಿ ನಿಂತಿತ್ತು.

"ಯಾವಾಗಿಂದ ಇದ್ದಾರೆ ಇವರು ಇಲ್ಲಿ?" ಎಂದೆ.

"ದಿವಾಳೀ ಪಾಸೂನ್." ದೀಪಾವಳಿಯಿಂದ.

ಮೈಯೆಲ್ಲ ಉರಿದುಹೋಯಿತು. ಇಷ್ಟು ದಿನ ನಾನು ಜಂಬ ಕೊಚ್ಚಿದ್ದೆಲ್ಲ ಇವಳ ಭಿಕ್ಷೆಯೇ? "ನನ್ನ ಮ್ಯಾಲೆ ಕರುಣೆ ಮಾಡಿದ್ಯಾ? ಅವತ್ತೇ ಗೆದ್ದು ಮುಗಸಬೇಕಾಗಿತ್ತು!" ಎಂದು ಅರ್ಧ ಕನ್ನಡ ಅರ್ಧ ಮರಾಠಿಯಲ್ಲಿ ಚೀರಿದೆ.

ಅವಳು ಕುರ್ಚಿಯಿಂದ ಏಳಲಿಲ್ಲ. "ಜಿಂಕೂನ್ ಕಾಯ್ ಕರೂ ವಂ? ಉದ್ಯಾ ಕೋನಾಸಂಗ್ ಖೇಳೂ?" ಎಂದಳು. ಗೆದ್ದು ಏನು ಮಾಡಲೇ? ನಾಳೆ ಯಾರ ಜೊತೆ ಆಡಲಿ?

ಒಂಟಿತನ ಅಂದರೆ ಪರವೂರಿಗೆ ಬಂದವಳ ಕಾಯಿಲೆ ಅಂದುಕೊಂಡಿದ್ದೆ. ಹುಟ್ಟಿದ ಊರಲ್ಲಿ, ತುಂಬಿದ ಮನೆಯಲ್ಲಿ ಇರುವವಳಿಗೂ ಅದು ಇರಬಹುದೆಂದು ನನಗೆ ಹೊಳೆದೇ ಇರಲಿಲ್ಲ. ಅವಳು ಯಂತ್ರ ಆರಿಸಿ, ಮುಸುಕು ಹೊದಿಸಿ, ನನ್ನ ಗಲ್ಲ ಹಿಡಿದಳು. "ಆತಾ ಹುಬಳೀ ಮಾಝೀ" ಎಂದಳು. ಇನ್ನು ಹುಬ್ಬಳ್ಳಿ ನನ್ನದು. "ನನ್ನೂರಿಗೆ ಹೋಗ್ತಿದ್ದೀ. ನೀಟಾಗಿ ಇರು."

ಊರಿಗೆ ಬಂದು ಈಗ ವರ್ಷವಾಗುತ್ತ ಬಂತು. ಇಲ್ಲಿ ನನ್ನನ್ನು 'ನಾಗಪುರದಾಕಿ' ಅನ್ನುತ್ತಾರೆ. ಖಾರ ಜಾಸ್ತಿ ತಿನ್ನುತ್ತೇನಂತೆ, ಮಾತಿನ ನಡುವೆ ಬರೋಬರ್ ಅನ್ನುತ್ತೇನಂತೆ. ಕಚೇರಿಯಲ್ಲಿ ಊಟಕ್ಕೆ ಹತ್ತು ಮಂದಿ, ಹತ್ತೂ ಮಂದಿಯದು ಚಲೋ ಕನ್ನಡ. ಆದರೂ ಡಬ್ಬಿ ತೊಳೆದ ಮೇಲೆ ಉಳಿಯುವ ಹೊತ್ತು ನನಗೆ ಹೋಗುವುದಿಲ್ಲ. ಮೊನ್ನೆ ಸಂಜೆ ಅವ್ವನ ಜೊತೆ ಉಣಕಲ್ ಕೆರೆಗೆ ಹೋಗಿದ್ದೆ. ದಂಡೆಯ ಗಿಡಗಳ ಕಡೆಯೇ ನೋಡುತ್ತಾ ಕೂತಿದ್ದೆ.

"ಏನ್ ನೋಡ್ತಿ ಅಲ್ಲಿ?" ಎಂದಳು ಅವ್ವ.

"ಅಲ್ಲಿ ಸುಷಮಾನ ದಂಡು ನಿಂತಿತ್ತಬೇ. ಊರು ಕಣ್ಣ ಮುಂದ ಇದ್ರೂ ಭಾಳ ದಿನ ಒಳಗ ಬರಲಿಲ್ಲ" ಎಂದೆ. ನಗುತ್ತಲೇ ಹೇಳಲು ಹೋದೆ, ಆಗಲಿಲ್ಲ.

ಅವ್ವ ಗಾಬರಿಯಾಗಿ ಸೆರಗಿನಿಂದ ನನ್ನ ಮುಖ ಒರೆಸಿದಳು. "ಊರಿಗೆ ಬಂದೀಯಲ್ಲ, ಹುಚ್ಚಿ," ಎಂದಳು, "ಇನ್ಯಾಕ ಅಳ್ತಿ?"