ಶನಿವಾರದ ಮೌನ

ಹೋದ ವಾರ ಮಗಳಿಗೆ ನೆಗಡಿ. ಬಿಸಿನೀರಿಗೆ ನಾಲ್ಕು ಹನಿ ನೀಲಗಿರಿ ಎಣ್ಣೆ ಹಾಕಿ, ತಲೆಯ ಮೇಲೆ ಟವೆಲ್ ಹೊದಿಸಿ ಕೂರಿಸಿದೆ. ಹಬೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ಅಟ್ಲಾಂಟಾ ಬಳಿಯ ಜಾನ್ಸ್ ಕ್ರೀಕ್‌ನ ಈ ಅಡುಗೆಮನೆ ಮರೆತೇಹೋಯಿತು. ಮೊದಲು ನಾವಿದ್ದ ಜರ್ಮನ್‌ಟೌನ್‌ನ ಹಳೆಯ ಅಪಾರ್ಟ್‌ಮೆಂಟಿನಲ್ಲಿ, ಮೇಲಿನ ಮನೆಯ ಬಾಗಿಲೆದುರು ನಿಂತಿದ್ದೆ...

ಆ ಮನೆಯಲ್ಲಿ ಎಪ್ಪತ್ತೆಂಟರ ಇಟಾಲಿಯನ್ ಗಾಯಕರೊಬ್ಬರಿದ್ದರು. ಒಪೆರಾದಲ್ಲಿ ಟೆನರ್, ಅಂದರೆ ಗಂಡು ದನಿಯ ಮೇಲಿನ ಸ್ವರಗಳಲ್ಲಿ ಹಾಡುವವರು. ನಾನು ಅಂಕಲ್ ಎನ್ನುತ್ತಿದ್ದೆ. ನನಗೆ ಒಡಹುಟ್ಟಿದವರೇ ಇಲ್ಲ, ಅಂಕಲ್ ಎನ್ನಲು ನೀನೆಲ್ಲಿಂದ ಬಂದೆ ಎಂದು ಮೊದಮೊದಲು ರೇಗಿಸಿದವರು, ಆಮೇಲೆ ಚೀಟಿ ಬರೆದರೆ ಕೆಳಗೆ ತಾವೇ ‘ಅಂಕಲ್’ ಎಂದು ಸಹಿ ಹಾಕತೊಡಗಿದರು.

ಸಮುದ್ರದಂಚಿನ ಸಣ್ಣ ಊರಲ್ಲಿ ಬೂಟು ರಿಪೇರಿ ಮಾಡುವವರ ಮಗ. ಚರ್ಚಿನಲ್ಲಿ ಹಾಡುತ್ತ ಬೆಳೆದು ವಿಯೆನ್ನಾ, ಲಂಡನ್, ಟೋಕಿಯೊ, ಬ್ಯೂನಸ್ ಐರಿಸ್ ಎಂದು ಮೂವತ್ತು ವರ್ಷ ಸುತ್ತಿದರು. ಎಷ್ಟೊಂದು ಊರು ನೋಡಿದ್ದೀರಲ್ಲ ಎಂದರೆ, ಎಲ್ಲಿ ನೋಡಿದೆ, ಹೋಟೆಲ್ ರೂಮು ಮತ್ತು ನೀಲಗಿರಿ ಹಬೆಯ ಪಾತ್ರೆ, ಅಷ್ಟೇ ಎನ್ನುತ್ತಿದ್ದರು. ಗಂಟಲು ಯಾವಾಗ ಕೈಕೊಡುತ್ತದೋ ಎಂಬ ಭಯ ಅವರನ್ನು ಒಂದು ದಿನವೂ ಬಿಡಲಿಲ್ಲವಂತೆ. ಒಮ್ಮೆ ಕೈಕೊಟ್ಟೂ ಇತ್ತು. ಹಿಂದಿನ ದಿನವೆಲ್ಲ ಪಿಯಾನೊ ನುಡಿಸುವ ಅಮೆರಿಕನ್ ಹುಡುಗಿಯೊಂದಿಗೆ ಹರಟಿದ್ದರು. ಮರುದಿನ ತುಂಬಿದ ಸಭೆಯಲ್ಲಿ ದನಿ ಒಡೆದುಹೋಯಿತು. ಆ ಹುಡುಗಿಯನ್ನೇ ಮದುವೆಯಾಗಿ ಈ ದೇಶಕ್ಕೆ ಬಂದರು. ಆದರೆ ಹಾಡುವ ಹಿಂದಿನ ದಿನ ಮತ್ತೆಂದೂ ಬಾಯಿ ಬಿಡಲಿಲ್ಲ. ನಾನು ಕಂಡಾಗ ಹೆಂಡತಿ ತೀರಿಕೊಂಡು, ಒಬ್ಬರೇ ಇದ್ದರು.

2020ರಲ್ಲಿ ಎಲ್ಲರೂ ಮನೆಯೊಳಗೆ ಸೇರಿಕೊಂಡಾಗ, ಅವರು ಭಾನುವಾರ ಸಂಜೆ ಐದಕ್ಕೆ ಬಾಲ್ಕನಿಯಲ್ಲಿ ನಿಂತು ಹಾಡತೊಡಗಿದರು. ನಾವು ಮಾಸ್ಕ್ ಹಾಕಿಕೊಂಡು ಕೆಳಗೆ ಹುಲ್ಲಿನ ಮೇಲೆ ದೂರದೂರ ಕುರ್ಚಿ ಹಾಕಿ ಕೂರುತ್ತಿದ್ದೆವು. ಉಳಿದ ದಿನಗಳಲ್ಲಿ ಬೆಳಗ್ಗೆ ಹತ್ತಕ್ಕೆ ನಮ್ಮ ಚಾವಣಿಯ ಮೂಲಕ ಅವರ ಸ್ವರಾಭ್ಯಾಸ ಕೇಳಿಸುತ್ತಿತ್ತು. ಅದು ಕೇಳಿದರೆ ನನಗೆ ಜೀವ ಬಂದಂತಾಗುತ್ತಿತ್ತು.

ಆದರೆ ಹಾಡು ಶುರುವಾದ ಮೇಲಿನ ಮೊದಲ ಶನಿವಾರ ದನಿಯಿಲ್ಲ. ಫೋನ್ ಎತ್ತಲಿಲ್ಲ, ಬಾಗಿಲು ತಟ್ಟಿದರೆ ಉತ್ತರವಿಲ್ಲ. ನನ್ನದು ಮೊದಲೇ ಪುಕ್ಕಲು ಜೀವ. ತುರ್ತು ಸಹಾಯದ ನೈನ್ ಒನ್ ಒನ್‌ಗೆ ಕರೆ ಮಾಡಿಯೇಬಿಟ್ಟೆ. ಆಂಬುಲೆನ್ಸಿನವರು ಬಂದು ಗಟ್ಟಿಯಾಗಿ ಬಡಿದಾಗ, ತಲೆಯ ಮೇಲೆ ಟವೆಲ್ ಹೊದ್ದು, ಮುಖ ಕೆಂಪಾದ ಅಂಕಲ್ ಹೊರಬಂದರು. ಕಾಗದದ ಮೇಲೆ ‘ನಾಳೆ ಹಾಡಬೇಕು, ಇವತ್ತು ಮಾತಿಲ್ಲ’ ಎಂದು ಬರೆದು ತೋರಿಸಿ, ಬಾಗಿಲು ಹಾಕಿಕೊಂಡರು. ಇಡೀ ಕಟ್ಟಡದ ಮುಂದೆ ನನ್ನ ಮಾನ ಹೋಯಿತು.

ಅದು ಮೌನವ್ರತ ಎಂದುಕೊಂಡೆ. ನಮ್ಮಜ್ಜಿ ಏಕಾದಶಿಯ ದಿನ ಹಾಗೇ ಇರುತ್ತಿದ್ದರು. ಆ ಹೊತ್ತಿನಲ್ಲಿ ಅವರನ್ನು ಮಾತಾಡಿಸಿದರೆ ಮನೆಯವರೆಲ್ಲ ನಮ್ಮನ್ನು ಗದರುತ್ತಿದ್ದರು. ಅಂದಿನಿಂದ ಶನಿವಾರ ಮಧ್ಯಾಹ್ನ ಒಂದು ಡಬ್ಬಿಯಲ್ಲಿ ಮೆಣಸಿನ ಸಾರು ತುಂಬಿ, ಬಾಗಿಲು ತಟ್ಟದೆ, ಹೊಸ್ತಿಲಲ್ಲಿಟ್ಟು ಬರುತ್ತಿದ್ದೆ. ಅರ್ಧ ಗಂಟೆಯೊಳಗೆ ಡಬ್ಬಿ ಒಳಗೆ ಹೋಗಿರುತ್ತಿತ್ತು.

ಅಕ್ಟೋಬರಿನ ಒಂದು ಶನಿವಾರ ಎರಡು ಗಂಟೆಗೆ ಹೋಗಿ ನೋಡಿದೆ, ಡಬ್ಬಿ ಅಲ್ಲೇ ಇತ್ತು. ಮೂರಕ್ಕೂ ಅಲ್ಲೇ. ಗಂಡನಿಗೆ ಹೇಳಿದೆ.

“ಸ್ಯಾಟರ್ಡೇ ಅಲ್ವೇನೇ, ಅವ್ರು ಬಾಗ್ಲು ತೆಗಿಯಲ್ಲ. ಹೋದ್ಸಲ ಕಾಲ್ ಮಾಡಿ ಅನ್ನಿಸ್ಕೊಂಡಿದ್ದು ಸಾಲ್ದಾ?” ಎಂದರು.

ನಾಲ್ಕಕ್ಕೆ ಮತ್ತೆ ಹೋದೆ. ಬಾಗಿಲ ಸಂದಿಯಿಂದ ನೀಲಗಿರಿಯ ವಾಸನೆ ಬರುತ್ತಿತ್ತು. ಹಬೆ ತೆಗೆದುಕೊಳ್ಳುತ್ತಿದ್ದಾರೆ, ಚೆನ್ನಾಗಿಯೇ ಇದ್ದಾರೆ ಎಂದು ಸಮಾಧಾನ ಮಾಡಿಕೊಂಡೆ. ತಟ್ಟಲೆಂದು ಎತ್ತಿದ ಕೈಯನ್ನು ಇಳಿಸಿದೆ. ವ್ರತ ಕೆಡಿಸಬಾರದು... ತಣ್ಣಗಾದ ಡಬ್ಬಿಯನ್ನು ಎತ್ತಿಕೊಂಡು ಕೆಳಗಿಳಿದೆ.

ಭಾನುವಾರ ಐದಾಯಿತು, ಐದೂಕಾಲಾಯಿತು. ಕುರ್ಚಿಗಳಲ್ಲಿ ಕೂತವರೆಲ್ಲ ಮೇಲೆ ನೋಡುತ್ತಿದ್ದೆವು. ಬಾಲ್ಕನಿಯ ಬಾಗಿಲು ತೆರೆಯಲಿಲ್ಲ. ನಾನೇ ಫೋನ್ ಮಾಡಿದ ಮೇಲೆ ಅಪಾರ್ಟ್‌ಮೆಂಟ್ ಆಫೀಸಿನವರು ಬಂದು ಕೀಲಿ ತೆಗೆದರು. ಅಂಕಲ್ ಅಡುಗೆಮನೆಯಲ್ಲಿ ಮಗುಚಿದ ಹಬೆಯ ಪಾತ್ರೆಯ ಪಕ್ಕ ಬಿದ್ದಿದ್ದರು. ಕಣ್ಣು ತೆರೆದೇ ಇತ್ತು, ಉಸಿರಿತ್ತು, ಮಾತು ಹೋಗಿತ್ತು. ಪಾರ್ಶ್ವವಾಯು. ಆಸ್ಪತ್ರೆಯೊಳಗೆ ಯಾರನ್ನೂ ಬಿಡದ ದಿನಗಳವು. ಹನ್ನೊಂದನೆಯ ದಿನ ಹೋಗಿಬಿಟ್ಟರು.

ಮನೆ ಖಾಲಿ ಮಾಡಲು ಶಾರ್ಲೆಟ್ ನಗರದಿಂದ ಅವರ ಮಗಳು ಬಂದರು. ಮೆಟ್ಟಿಲ ಮೇಲೆ ದೂರ ನಿಂತೇ ನನಗೆ ಕೈಮುಗಿದರು. ನನ್ನನ್ನು ನೋಡಿ ಕಲಿತಿದ್ದ ಅಪ್ಪನೇ ಹಾಗೆ ಕಲಿಸಿದ್ದರಂತೆ. ನೀವು ಗಮನಿಸಿದ್ದರಿಂದ ಅವರು ಮನೆಯಲ್ಲಿ ಒಬ್ಬರೇ ಬಿದ್ದು ಸಾಯುವುದು ತಪ್ಪಿತು ಎಂದರು. ಯಾವಾಗ ಅನುಮಾನ ಬಂತು ಎಂದು ಕೇಳಿದರು. ಭಾನುವಾರ ಸಂಜೆ ಎಂದೆ.

ಆ ಸುಳ್ಳಿಗೆ ಈಗ ಐದು ವರ್ಷ. ಪ್ರತಿ ಕ್ರಿಸ್‌ಮಸ್‌ಗೆ ಅವರಿಂದ ಮೆಸೇಜ್ ಬರುತ್ತದೆ, ನಾನು ಹೂವಿನ ಚಿತ್ರ ಕಳಿಸಿ ಸುಮ್ಮನಾಗುತ್ತೇನೆ. ಈ ವಾರ ಕೆಲಸದ ಮೇಲೆ ಅಟ್ಲಾಂಟಾಕ್ಕೆ ಬಂದಿದ್ದಾರೆ. ನಾಳೆ ನಮ್ಮ ಮನೆಗೆ ಊಟಕ್ಕೆ ಬರುತ್ತಾರೆ, ಅಪ್ಪನ ಕೊನೆಯ ದಿನಗಳ ಬಗ್ಗೆ ಕೇಳಬೇಕಂತೆ. ಈಗ್ಯಾಕೆ ಹೇಳೋದು, ಸುಮ್ನೆ ಅವ್ರಿಗೆ ನೋವು ಎನ್ನುತ್ತಾರೆ ಗಂಡ. ಇರಬಹುದು. ವೀಸಾ ಇಂಟರ್‌ವ್ಯೂಗೂ ನಾನು ಇಷ್ಟು ಹೆದರಿರಲಿಲ್ಲ. ಅಂಕಲ್ ಇಲ್ಲ, ಇನ್ನು ಅವರ ಬಳಿ ಕ್ಷಮೆ ಕೇಳುವಂತಿಲ್ಲ. ಉಳಿದಿರುವುದು ಮಗಳು ಒಬ್ಬರೇ. ಎರಡು ದಿನದಿಂದ ಡ್ರೈವ್ ಮಾಡುವಾಗ, ಪಾತ್ರೆ ತೊಳೆಯುವಾಗ, ಒಂದೇ ವಾಕ್ಯವನ್ನು ಹೇಳಿ ಹೇಳಿ ಅಭ್ಯಾಸ ಮಾಡುತ್ತಿದ್ದೇನೆ: ನಾನು ಶನಿವಾರವೇ ಬಂದಿದ್ದೆ, ಬಾಗಿಲು ತಟ್ಟಲಿಲ್ಲ.